ಹುಲಗೆಮ್ಮ ಹಾಡದ ಹಾಡು

ರಾಯಚೂರಿನ ತಾಯಣ್ಣ ಮೊದಲು ಹಾಡಿನ ಕ್ಯಾಸೆಟ್ ತುಂಬಿಕೊಡುತ್ತಿದ್ದ, ಆಮೇಲೆ ಸಿ.ಡಿ., ಪೆನ್‌ಡ್ರೈವ್. ಈಗ ಒಂದೇ ಕೋಣೆಯ ಸ್ಟುಡಿಯೊದಲ್ಲಿ ಜನಪದ ಹಾಡು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತಾನೆ. ಅವನ ಚಾನೆಲ್ಲಿಗೆ ಹೆಸರು ತಂದವಳು ದೇವದುರ್ಗದ ಹುಲಗೆಮ್ಮ. ಕೂಲಿ ಮಾಡುವ ಹೆಂಗಸು. ಅವಳು ಸೋಬಾನೆ ಪದ ಎತ್ತಿದರೆ ಮದುವೆಮನೆಯ ಗದ್ದಲ ತಾನಾಗಿ ಇಳಿಯುತ್ತಿತ್ತು.

ಹೋದ ವರ್ಷ ಮದುವೆ ಮೆರವಣಿಗೆಯ ಡಿ.ಜೆ.ಯವರು ಅವಳ ದನಿಯಲ್ಲಿ ಒಂದು ದ್ವಂದ್ವಾರ್ಥದ ಹಾಡು ಬೇಕೆಂದು ತಾಯಣ್ಣನನ್ನು ಕೇಳಿದರು. "ಇಂಥಾವು ನನ್ನ ಬಾಯಾಗ ಬ್ಯಾಡ ತಮ್ಮಾ" ಎಂದು ಅವಳು ಎದ್ದುಹೋದಳು. ತಾಯಣ್ಣ ಒತ್ತಾಯಿಸಲಿಲ್ಲ. ಅವಳ ಹಳೆಯ ಹಾಡುಗಳನ್ನೆಲ್ಲ ಒಂದು ಎಐ ಆ್ಯಪಿಗೆ ಕೊಟ್ಟು, ಆ ಹೊಸ ಹಾಡಿನ ಸಾಲುಗಳನ್ನು ತಾನೇ ಹಾಡಿ ಅದರೊಳಗೆ ಹಾಕಿದ. ಚಹಾ ಕುಡಿದು ಬರುವಷ್ಟರಲ್ಲಿ ಅವಳದೇ ದನಿ, ಸಾಲಿನ ಕೊನೆಗೆ ಅವಳು ಎಳೆಯುವ ಉಸಿರು ಸಮೇತ, ತಯಾರಾಗಿತ್ತು. ಹೆಸರೂ ಅವಳದೇ ಹಾಕಿ ಚಾನೆಲ್ಲಿಗೆ ಬಿಟ್ಟ.

ತಿಂಗಳಾದ ಮೇಲೆ ಹುಲಗೆಮ್ಮ ಸ್ಟುಡಿಯೊಗೆ ಬಂದಳು. ಬೈಯುತ್ತಾಳೆಂದು ತಾಯಣ್ಣ ಮನಸ್ಸಿನಲ್ಲೇ ಉತ್ತರ ಹೊಂದಿಸಿಕೊಂಡ. ಅವಳು ಕುರ್ಚಿಯ ತುದಿಗೆ ಕುಳಿತಳು.

"ಮಾನ್ವಿ ಬಸ್ ಸ್ಟ್ಯಾಂಡಿನ್ಯಾಗ ಯಾರೋ ಮೊಬೈಲ್‌ನ್ಯಾಗ ಹಚ್ಚಿದ್ರು. ನಂದೇ ದನಿ. ಅದನ್ನ ಯಾವಾಗ ಹಾಡೀನಿ ತಮ್ಮಾ? ನೆನಪೇ ಇಲ್ಲ. ನಮ್ಮವ್ವನೂ ಕಡೀಗೆ ಹಿಂಗ ಎಲ್ಲಾ ಮರೀತಿದ್ಲು."

ಹೌದು, ನೀನೇ ಹಾಡಿದ್ದು ಎಂದುಬಿಟ್ಟರೆ ಮುಗಿಯಿತು ಎಂಬ ಯೋಚನೆ ತಾಯಣ್ಣನಿಗೆ ಬಂತು. ಅದು ಬಂತಲ್ಲ ಎಂದು ಅವನು ಇವತ್ತಿಗೂ ತಲೆ ತಗ್ಗಿಸುತ್ತಾನೆ.

"ನೀ ಹಾಡಿಲ್ಲ ಯವ್ವಾ. ಕಂಪ್ಯೂಟರ್‌ಲೆ ನಾನೇ ಹಾಡಿಸೀನಿ."

"ಹಂಗಾದ್ರ ನನ್ನ ತಲಿ ನೆಟ್ಟಗ ಅದ?"

"ಅದ."

ಹುಲಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಸೊಸಿ ನನಗ ಒಲಿ ಹಚ್ಚಾಕ ಬಿಡವಲ್ಲಳು. ಮರ್ತು ಮನಿ ಸುಟ್ಟೀನಂತ ಅಂಜಿಕಿ. ಬಂದು ಆಕಿಗೆ ಹೇಳು."

ಮರುದಿನ ತಾಯಣ್ಣ ದೇವದುರ್ಗಕ್ಕೆ ಹೋಗಿ, ಓಣಿಯ ಹೆಂಗಸರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಸೊಸೆ ರಾಧಾ ಕೇಳಿದ್ದು ಒಂದೇ ಮಾತು: "ನಿಮ್ಮ ತಾಯಿ ದನೀಲೆ ಇದನ್ನ ಮಾಡ್ತಿದ್ರೇನ್ರೀ?"

ತಾಯಣ್ಣ ಅಲ್ಲೇ ಜೇಬಿನಿಂದ ಫೋನು ಎತ್ತಿಕೊಂಡ.

ಚಾನೆಲ್ಲಿನಿಂದ ಹಾಡು ತೆಗೆದ. ಅದು ಹುಲಗೆಮ್ಮನದಲ್ಲ ಎಂದು ತನ್ನ ಮುಖ ತೋರಿಸಿ ವಿಡಿಯೊ ಹಾಕಿದ, ನೋಡಿದವರು ಕಡಿಮೆ. ಅಷ್ಟರಲ್ಲಿ ಹಾಡು ಎಲ್ಲರ ಫೋನು ಸೇರಿತ್ತು. ಹುಲಗೆಮ್ಮ ಮದುವೆಗಳಲ್ಲಿ ಹಾಡುತ್ತಾಳೆ, ಸ್ಟುಡಿಯೊ ಮೆಟ್ಟಿಲು ಮಾತ್ರ ಹತ್ತಿಲ್ಲ. ಕರೆಯುವ ಮುಖ ಅವನಿಗೂ ಇಲ್ಲ.

ಮೊನ್ನೆ ತಾಯಣ್ಣ ಹೋಗಿದ್ದ ಚಂದ್ರಬಂಡದ ಮದುವೆಯೊಂದರ ಮೆರವಣಿಗೆಯಲ್ಲಿ ಆ ಹಾಡು ಹಚ್ಚಿದರು. ಪಕ್ಕದವರೊಬ್ಬರು, "ಹುಲಗೆಮ್ಮಂದಲ್ರೀ ಇದು?" ಎಂದರು.

"ಆಕಿದಲ್ರೀ, ನಂದು" ಎಂದು ತಾಯಣ್ಣ ಊಟಕ್ಕೂ ನಿಲ್ಲದೆ ಬಸ್ಸಿನ ಕಡೆ ನಡೆದ.