ಮೇಲಿನ ಮನೆಯ ಗೋಡೆ

ನಾನು ಬಾಡಿಗೆ ಮನೆಯಲ್ಲಿ ಬೆಳೆದವಳಲ್ಲ. ಜಯನಗರದ ನಮ್ಮ ಮನೆ ತಾತ ಕಟ್ಟಿಸಿದ್ದು. ಕೆಳಗೆ ನಾವಿದ್ದೇವೆ, ಮೇಲಿನದನ್ನು ಬಾಡಿಗೆಗೆ ಕೊಟ್ಟಿದ್ದೇವೆ. ನನ್ನ ಹೆಸರಿನಲ್ಲಿ ಬಹುಮಾನ ಪಡೆದ ‘ನಮ್ಮ ಗೋಡೆ’ ಎಂಬ ಚಿತ್ರಕೃತಿಯಲ್ಲಿರುವುದು ಆ ಮೇಲಿನ ಬಾಡಿಗೆದಾರರ ಗೋಡೆ. ಅಂಥ ಗೋಡೆಯಿಂದ ಕೃತಿ ಮಾಡಬಹುದೆಂದು ಹೊಳೆದದ್ದು ನನ್ನ ಗೆಳತಿ ಹೇಮಾಳಿಗೆ. ಬಹುಮಾನ ಕೊಟ್ಟ ಸ್ಪರ್ಧೆಯನ್ನು ಮೊದಲು ಆರಿಸಿಕೊಂಡವಳೂ ಅವಳೇ. ಅದರಲ್ಲಿ ನನ್ನದು ಅಂತ ಇದ್ದದ್ದು ವಾದ ಮಾತ್ರ—

ಇಷ್ಟನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ನನ್ನನ್ನು ನಾನು ಬಲ್ಲೆ. ನಿಧಾನವಾಗಿ ಹೇಳಲು ಬಿಟ್ಟರೆ ಹಿನ್ನೆಲೆ, ಸಂದರ್ಭ, ಒತ್ತಡ ಎಂದೆಲ್ಲ ಜೋಡಿಸಿಟ್ಟು, ಕೊನೆಗೆ ನೀವೇ ‘ಪಾಪ, ಆ ಹುಡುಗಿಯಾದರೂ ಏನು ಮಾಡುತ್ತಾಳೆ’ ಅನ್ನುವಂತೆ ಮಾಡಬಲ್ಲೆ. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದು ಅದನ್ನೇ. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ನಂಬಿಕೆ ಆಮೇಲೆ ತಾನಾಗಿ ಬರುತ್ತಿತ್ತು.

ನಮ್ಮ ಕಲಾ ಕಾಲೇಜಿನಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ಒಂದು ಪದ್ಧತಿ ಇತ್ತು. ಹೊರಗೆ ನಡೆಯುವ ಯಾವುದಾದರೊಂದು ಸ್ಪರ್ಧೆಯನ್ನು ಆರಿಸಿಕೊಂಡು ಅದಕ್ಕಾಗಿ ಕೃತಿ ಮಾಡಬೇಕು. ಆ ಕೃತಿಗೇ ವಿಶ್ವವಿದ್ಯಾಲಯದ ಅಂಕ. ಒಂದು ಸ್ಪರ್ಧೆಗೆ ಒಬ್ಬರು ಮಾತ್ರ. ನಮ್ಮ ಮಕ್ಕಳು ಹೊರಗೆ ಹೋಗಿ ಪರಸ್ಪರ ಹೊಡೆದಾಡಬಾರದು ಎಂಬುದು ನಮ್ಮ ಮೇಷ್ಟ್ರು ಮೂರ್ತಿ ಸಾರ್ ಅವರ ಹಟ. ಇಬ್ಬರು ಒಂದನ್ನೇ ಬಯಸಿದರೆ ಇಬ್ಬರೂ ಕ್ಲಾಸಿನ ಮುಂದೆ ಮಾತಾಡಬೇಕು, ಕ್ಲಾಸು ತೀರ್ಮಾನಿಸಬೇಕು. ಅವರು ಒಳ್ಳೆಯ ಮನುಷ್ಯ. ನನ್ನಂಥವಳಿಗೆ ಇದರಿಂದ ಎಷ್ಟು ಅನುಕೂಲ ಎಂದು ಅವರಿಗೆ ಹೊಳೆದಿರಲಾರದು.

ಹೇಮಾ ಕೋಣನಕುಂಟೆಯವಳು. ಅವಳ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅವಳ ಅಪ್ಪ ಸಾಲು ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಕ್ಲಾಸಿನಲ್ಲಿ ಅವಳನ್ನು ಎಲ್ಲರೂ ‘ಓನರ್’ ಅನ್ನುತ್ತಿದ್ದರು, ನನ್ನನ್ನು ‘ಲಾಯರಮ್ಮ’. ಇಬ್ಬರೂ ನಗುತ್ತಿದ್ದೆವು. ಅವಳ ನಗು ಸ್ವಲ್ಪ ತಡವಾಗಿ ಬರುತ್ತಿತ್ತು ಎಂದು ಈಗ ನೆನಪಾಗುತ್ತದೆ— ಅಥವಾ ಈಗ ಸೇರಿಸಿಕೊಳ್ಳುತ್ತಿದ್ದೇನೋ.

ಅವಳು ಮಾಡುತ್ತಿದ್ದ ಕೆಲಸ ಇದು. ಒಂದು ಸಂಸಾರ ಮನೆ ಖಾಲಿ ಮಾಡಿದ ಮೇಲೆ, ಬಣ್ಣ ಹೊಡೆಯುವವರು ಬರುವ ಮೊದಲು, ಒಂದೆರಡು ದಿನ ಆ ಮನೆ ಹಾಗೇ ಇರುತ್ತದಲ್ಲ— ಆಗ ಅವಳು ಒಳಗೆ ಹೋಗುತ್ತಿದ್ದಳು. ಗೋಡೆಗೆ ಬಟರ್ ಪೇಪರಿನ ತೆಳು ಹಾಳೆ ಅಂಟಿಸಿ ಮೇಲೆ ಇದ್ದಿಲು ಉಜ್ಜುತ್ತಿದ್ದಳು. ಮೊಳೆಯ ತೂತು, ಉದುರಿದ ಸುಣ್ಣ, ಕ್ಯಾಲೆಂಡರ್ ನೇತುಹಾಕಿದ್ದ ಜಾಗ, ಮಕ್ಕಳು ಗೀಚಿದ್ದು, ಎಲ್ಲವೂ ಹಾಳೆಯ ಮೇಲೆ ಮೆಲ್ಲಗೆ ಏಳುತ್ತಿದ್ದವು.

ಒಮ್ಮೆ ನಾನೂ ಜೊತೆಗಿದ್ದೆ. ಕೆಲಸ ಶುರು ಮಾಡುವ ಮೊದಲು ಅವಳು, ಆ ಮನೆ ಬಿಟ್ಟು ಬಿಟಿಎಂ ಬಡಾವಣೆ ಕಡೆ ಹೋಗಿದ್ದ ಹೆಂಗಸಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದಳು.

“ಅಕ್ಕಾ, ಓನರ್ ಮಗಳು ಹೇಮಾ. ಅಡ್ವಾನ್ಸ್ ವಿಷಯ ಅಲ್ಲ, ಗಾಬರಿ ಆಗ್ಬೇಡಿ. ನಿಮ್ಮ ಗೋಡೆ ಬರ್ಕೊಳ್ಲಾ ಅಂತ.”

“ನಮ್ ಗೋಡೇನಾ? ನಿಮ್ದಲ್ವೇನಮ್ಮ ಗೋಡೆ?” ಆಕೆ ನಕ್ಕರು. ಆಮೇಲೆ ಅಂದರು: “ಬರ್ಕೋ. ಫ್ರಿಜ್ ಇತ್ತಲ್ಲ, ಅದರ ಹಿಂದೆ ಒಂದ್ ಏಟು ಬಿದ್ದಿದೆ ನೋಡು. ಅದೊಂದ್ ಬೇಡ.”

ಹೇಮಾ ಏನು ಏಟು ಅಂತ ಕೇಳಲಿಲ್ಲ. ಗೋಡೆಯ ಅಷ್ಟು ಭಾಗವನ್ನು ಬಿಟ್ಟು ಉಜ್ಜಿದಳು. ಹಾಳೆಯ ನಡುವೆ ಒಂದು ಬಿಳಿ ಖಾಲಿ ಉಳಿಯಿತು. ಕಾಂಪೊಸಿಷನ್ ಕೆಟ್ಟಿತು, ಅಲ್ಲೇ ಅತ್ಯಂತ ಒಳ್ಳೆಯ ಗುರುತು ಇದ್ದಿರಬೇಕು ಎಂದೆ ನಾನು. ಅವಳು “ಬೇಡ ಅಂದ್ರಲ್ಲ” ಅಂದಳು, ಅಷ್ಟೇ.

ಅವಳು ಆರಿಸಿಕೊಂಡಿದ್ದ ಸ್ಪರ್ಧೆ ಒಂದು ಟ್ರಸ್ಟಿನದು. ವಿಷಯ ‘ವಾಸ’. ಗೆದ್ದವರಿಗೆ ಆರು ತಿಂಗಳ ಸ್ಟುಡಿಯೋ, ಕೊನೆಗೊಂದು ಪ್ರದರ್ಶನ. ಆದರೆ ಅವಳಿಗೆ ಬೇಕಿದ್ದದ್ದು ಬೇರೆ. ಇದರಲ್ಲಿ ಗೆದ್ದರೆ ಬರೋಡಾದ ಕಲಾಶಾಲೆಗೆ ಎಂ.ಎ.ಗೆ ಕಳಿಸುತ್ತೇನೆ, ಆಗದಿದ್ದರೆ ಬಾಡಿಗೆ ವ್ಯವಹಾರ ನೋಡಿಕೊಂಡು ಮನೆಯಲ್ಲಿರು ಎಂದು ಅವಳ ಅಪ್ಪ ಮಾತು ಕೊಟ್ಟಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಯಾರಿಗೂ ಹೇಳಿಲ್ಲ. ಯಾರೂ ಕೇಳಲೂ ಇಲ್ಲ.

ನನ್ನ ಬಳಿ ಏನೂ ಇರಲಿಲ್ಲ. ವಾರಗಟ್ಟಲೆ ಸ್ಪರ್ಧೆಗಳನ್ನು ಹುಡುಕಿ ಒಂದೊಂದನ್ನೇ ತಿರಸ್ಕರಿಸಿದೆ. ಇದು ಕಂಪನಿಯ ಜಾಹೀರಾತು, ಇದು ಸರ್ಕಾರಿ ಭಜನೆ, ಇದರ ತೀರ್ಪುಗಾರರು ಯಾರೆಂದು ನೋಡಿ— ಕ್ಯಾಂಟೀನಿನಲ್ಲಿ ನನ್ನ ಮಾತು ಕೇಳಿದವರಿಗೆಲ್ಲ ಅದು ತತ್ವನಿಷ್ಠೆಯಾಗಿ ಕಂಡಿತು. ನಿಜವೆಂದರೆ ನನ್ನ ಹಾಳೆಗಳು ಖಾಲಿ ಇದ್ದವು. ಬೇರೆಯವರ ಚಿತ್ರಗಳ ಬಗ್ಗೆ ಅವರಿಗಿಂತ ಚೆನ್ನಾಗಿ ಮಾತಾಡುತ್ತಿದ್ದೆ, ಅದನ್ನೇ ನನ್ನ ಕಲೆ ಎಂದುಕೊಂಡಿದ್ದೆ. ಹೆಸರು ಕೊಡುವ ದಿನ ಬಂದಾಗ ನಾನೂ ‘ವಾಸ’ ಎಂದು ಕೊಟ್ಟೆ.

ಹೇಮಾ ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದಳು. “ಬೇರೆ ಅಷ್ಟೊಂದು ಇದ್ವಲ್ಲ ಮಗಾ?”

“ಕ್ಲಾಸ್ ಡಿಸೈಡ್ ಮಾಡ್ಲಿ ಬಿಡು. ಪರ್ಸನಲ್ ಆಗಿ ತಗೋಬೇಡ” ಅಂದೆ.

ಶನಿವಾರ ಕ್ಲಾಸಿನ ಮುಂದೆ ಮೊದಲು ಅವಳು ಮಾತಾಡಿದಳು. ತೊದಲಿದಳು. ಹಾಳೆಗಳನ್ನು ಒಂದೊಂದಾಗಿ ಎತ್ತಿ ಹಿಡಿದು, ಇದು ಇಂಥವರ ಮನೆ, ಇವರು ಈಗ ಇಂಥ ಕಡೆ ಇದ್ದಾರೆ, ಎಂದಷ್ಟೇ ಹೇಳಿದಳು. ಬಿಳಿ ಖಾಲಿ ಇದ್ದ ಹಾಳೆಯನ್ನೂ ತೋರಿಸಿದಳು, ಯಾಕೆ ಖಾಲಿ ಎಂದು ಹೇಳಲಿಲ್ಲ. ಹೇಳಿದ್ದರೆ ನಾನು ಸೋಲುತ್ತಿದ್ದೆ.

ಚರ್ಚೆಯಲ್ಲಿ ಪಳಗಿದವರಿಗೆ ಒಂದು ವಿಷಯ ಗೊತ್ತಿರುತ್ತದೆ: ಎದುರಾಳಿಗೆ ಅನುಕೂಲವಾಗುವ ಪ್ರಶ್ನೆಯ ಹತ್ತಿರವೂ ಸುಳಿಯಬಾರದು. ‘ಅವರನ್ನು ಕೇಳಿದೆಯಾ?’ ಎಂಬುದು ಅಲ್ಲಿ ಯಾರಿಗಾದರೂ ಮೊದಲು ಹೊಳೆಯಬೇಕಾದ ಪ್ರಶ್ನೆ. ನಾನು ಅದನ್ನು ತಪ್ಪಿಸಿಕೊಂಡು ಹೋದೆ. ಎದ್ದು ನಿಂತು ಬೇರೊಂದನ್ನು ಕೇಳಿದೆ.

“ಹೇಮಾ, ಮನೆ ಖಾಲಿ ಮಾಡೋರ ಅಡ್ವಾನ್ಸಲ್ಲಿ ಪೇಂಟಿಂಗ್ ಚಾರ್ಜ್ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ತೀರಾ ತಾನೆ?”

“ಅಪ್ಪ ಹಿಡ್ಕೊಳ್ತಾರೆ. ಹೌದು.”

“ಅಂದ್ರೆ ಅವರ ಗುರುತು ಅಳಿಸೋಕೆ ಅವರ ಕೈಯಲ್ಲೇ ದುಡ್ಡು ಕೊಡಿಸ್ತೀರಾ. ಅಳಿಸೋಕೆ ಮುಂಚೆ ಅದನ್ನೇ ಕಾಪಿ ಮಾಡಿ ಕೆಳಗೆ ನಿನ್ನ ಹೆಸರು ಬರೀತೀಯಾ.”

ಕ್ಲಾಸು ಮೌನವಾಯಿತು. ಆ ಮೌನ ನನಗೆ ಚಪ್ಪಾಳೆಗಿಂತ ಪರಿಚಿತ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದರೆ ಅದೊಂದು ಕಟುವಾದ, ಆದರೆ ಕೇಳಲೇಬೇಕಾದ ಪ್ರಶ್ನೆಯಾಗಿ ಉಳಿಯುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ. ಆದರೆ ಅವಳ ಕೈಯಿಂದ ಸ್ಪರ್ಧೆ ಜಾರಿದರೆ ಸಾಲದು, ಅದು ನನ್ನ ಕೈಗೆ ಬೀಳಬೇಕಿತ್ತು—

“ನಾವು ಬಾಡಿಗೆ ಮನೇಲಿ ಬೆಳೆದವರು” ಅಂದೆ. “ನಮ್ಮ ಗೋಡೆ ಕಥೆ ನಾವು ಹೇಳ್ಕೊಳ್ತೀವಿ. ಓನರ್ ಹೇಳೋದು ಬೇಡ.”

ಹಿಂದಿನ ಸಾಲಿನಿಂದ ಯಾರೋ “ಕೇಸ್ ಮುಗೀತು ಬಿಡು ಗುರು” ಅಂದರು. ನಗು ಹರಡಿತು. ಹೇಮಾ ನನ್ನನ್ನೇ ನೋಡುತ್ತಿದ್ದಳು, ಇನ್ನೇನೋ ಬರುವುದಿದೆ ಎಂಬಂತೆ. ಆಮೇಲೆ ಹಾಳೆಗಳನ್ನು ಸುತ್ತತೊಡಗಿದಳು. ಕ್ಲಾಸು ‘ವಾಸ’ವನ್ನು ನನಗೆ ಕೊಟ್ಟಿತು.

ಸಿಕ್ಕಿಬಿದ್ದರೆ ಏನು ಹೇಳಬೇಕೆಂಬುದನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ನಾನು ಕೂಸಾಗಿದ್ದಾಗ ಅಪ್ಪ ಅಮ್ಮ ಸ್ವಲ್ಪ ಕಾಲ ವಿಲ್ಸನ್ ಗಾರ್ಡನ್‌ನಲ್ಲಿ ಬಾಡಿಗೆಗಿದ್ದರು. ಆ ಮನೆಯ ಬಾಗಿಲು ಯಾವ ಕಡೆಗಿತ್ತು ಎಂಬುದೂ ನನಗೆ ನೆನಪಿಲ್ಲ. ಹೇಮಾ ನಮ್ಮ ಮನೆಗೆ ಬಂದಿರಲಿಲ್ಲ, ನಾನೇ ಕರೆದಿರಲಿಲ್ಲ. ಇನ್ನೊಂದು ಮಾತು, ಇದು ನಮ್ಮಂಥವರಿಗೆ ಮಾತ್ರ ಅರ್ಥವಾದೀತು: ನಮ್ಮನ್ನು ನಾವು ಓನರ್ ಎಂದುಕೊಂಡಿದ್ದೇ ಇಲ್ಲ. ಓನರ್ ಎಂದರೆ ಹೇಮಾಳ ಅಪ್ಪ— ಬುಲೆಟ್ಟು, ಚಿನ್ನದ ಸರ, ಬಾಡಿಗೆ ವಸೂಲಿಗೆ ಬರುವ ಜೋರು ದನಿ. ನಾವು ಪುಸ್ತಕ ಓದುವವರು, ಸಂಗೀತ ಕೇಳುವವರು, ‘ಮೇಲಿನ ಮನೆ ಕೊಟ್ಟಿರುವವರು’. ಕೊಡುವುದು ಎಂಬ ಕ್ರಿಯಾಪದವನ್ನು ಬಳಸಿದರೆ ಬಾಡಿಗೆಯೂ ದಾನದ ಹಾಗೆ ಕೇಳಿಸುತ್ತದೆ.

ಆ ಮೇಲಿನ ಮನೆಯಲ್ಲಿ ಶೈಲಜಾ ಆಂಟಿ ಇದ್ದರು. ಗಂಡ, ಮಗ. ಆ ಹುಡುಗ ಅಲ್ಲೇ ಬೆಳೆದವನು. ನನಗೆ ಜ್ವರ ಬಂದರೆ ಆಂಟಿ ಗಂಜಿ ತರುತ್ತಿದ್ದರು. ಹೊಸಬರು ಹೆಚ್ಚು ಕೊಡುತ್ತಾರೆಂದು ಅಮ್ಮ ಅವರನ್ನು ಆ ವರ್ಷ ಬಿಡಿಸಿದಳು. ಲೆಕ್ಕ ಮುಗಿಸುವ ದಿನ ನಾನು ನಡುಮನೆಯಲ್ಲೇ ಇದ್ದೆ. ಪೇಂಟಿಂಗ್ ಚಾರ್ಜ್ ಅಂದಾಗ ಆಂಟಿ, ಇಷ್ಟು ವರ್ಷ ಆದ ಮೇಲೆ ಬಣ್ಣ ಹೇಗೂ ಹೊಡೆಸಲೇಬೇಕಲ್ಲ ಎಂದು ಮೆತ್ತಗೆ ಕೇಳಿದರು. “ಎಲ್ಲಾ ಕಡೆ ಹೀಗೇ ಅಲ್ವಾ ಶೈಲಜಾ” ಅಂದಳು ಅಮ್ಮ. ಕ್ಲಾಸಿನಲ್ಲಿ ಅಷ್ಟು ಮಾತಾಡಿದ್ದ ನಾನು ಬಾಯಿ ಬಿಡಲಿಲ್ಲ. ಅವರ ಸಾಮಾನಿನ ಟೆಂಪೊ ಹೊರಟ ಮೇಲೆ ಬಟರ್ ಪೇಪರ್ ಹಿಡಿದು ಮೆಟ್ಟಿಲು ಹತ್ತಿದೆ.

ನಾನು ಯಾರಿಗೂ ಫೋನ್ ಮಾಡಲಿಲ್ಲ. ಯಾವ ಜಾಗವನ್ನೂ ಬಿಡಲಿಲ್ಲ. ಆ ಹುಡುಗ ಮಲಗುತ್ತಿದ್ದ ಕೋಣೆಯ ಬಾಗಿಲ ಹಿಂದಿನ ಗೋಡೆಗೆ ಪೆನ್ಸಿಲಿನಲ್ಲಿ ಏನೋ ಬರೆದು ಅಳಿಸಿದ್ದ. ಬರಿಗಣ್ಣಿಗೆ ಓದಲು ಬರುತ್ತಿರಲಿಲ್ಲ. ಒತ್ತಿ ಬರೆದಿದ್ದರಿಂದ ಗೋಡೆಯಲ್ಲಿ ಅಕ್ಷರಗಳು ಕೊರೆದುಕೊಂಡಿದ್ದವು. ಇದ್ದಿಲು ಉಜ್ಜಿದಂತೆ ಆ ವಾಕ್ಯ ಪೂರ್ತಿ ಎದ್ದು ಬಂತು. ಅವನ ಅಪ್ಪನ ಬಗ್ಗೆ ಒಂದು ವಾಕ್ಯ. ಅದನ್ನು ಇಲ್ಲಿ ಬರೆಯುವುದಿಲ್ಲ.

ತೀರ್ಪುಗಾರರು ಎಲ್ಲಕ್ಕಿಂತ ಮೆಚ್ಚಿಕೊಂಡದ್ದು ಅದನ್ನೇ. ಆ ವಾಕ್ಯ ನನ್ನ ಬಾಲ್ಯದ್ದೆಂದು ಅವರು ತಿಳಿದರು. ನಾನು ತಲೆ ತಗ್ಗಿಸಿ ನಿಂತಿದ್ದೆ, ಅದೂ ಚೆನ್ನಾಗಿಯೇ ಕಂಡಿರಬೇಕು.

ಹೇಮಾ ಉಳಿದಿದ್ದರಲ್ಲಿ ಒಂದು ಸ್ಪರ್ಧೆ ತೆಗೆದುಕೊಂಡಳು, ಯಾವುದೋ ಬ್ಯಾಂಕಿನ ಕ್ಯಾಲೆಂಡರಿಗೆ ಚಿತ್ರ ಬರೆಯುವುದು. ಹಬ್ಬಗಳನ್ನು ಬರೆದಳು: ಎಳ್ಳುಬೆಲ್ಲದ ತಟ್ಟೆ, ದೀಪ, ರಂಗೋಲಿ. ಪಾಸಾದಳು. ಬರೋಡಾದ ಮಾತು ಮತ್ತೆ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ನಾನು ‘ಬಾಡಿಗೆದಾರರ ಕಲಾವಿದೆ’ಯಾದೆ. ಜನ ಕರೆದರು, ಮಾತಾಡಿದೆ. ಈಚೆಗೆ ಜೆ.ಪಿ. ನಗರದಲ್ಲಿ ಒಂದಿಷ್ಟು ವಿದ್ಯಾರ್ಥಿಗಳ ಜೊತೆ ಮಾತಾಡುವಾಗ ಒಬ್ಬ ಹುಡುಗಿ ಎದ್ದು, “ಮೇಡಂ, ನೀವು ಈಗಲೂ ಬಾಡಿಗೆ ಮನೇಲೇ ಇದೀರಾ?” ಎಂದು ಕೇಳಿದಳು. ಕುಹಕವಿರಲಿಲ್ಲ, ಸುಮ್ಮನೆ ತಿಳಿಯುವ ಆಸೆ. ನಾನು ಆ ವಿಲ್ಸನ್ ಗಾರ್ಡನ್ ಮನೆಯ ಕಥೆ ಹೇಳಿದೆ. ಸರಾಗವಾಗಿ, ಒಂದು ಕಡೆ ದನಿ ಸ್ವಲ್ಪ ತಗ್ಗಿಸಿ. ಹುಡುಗಿ ತಲೆಯಾಡಿಸಿ ಬರೆದುಕೊಂಡಳು. ನನ್ನ ದನಿ ನನಗೇ ಕೇಳಿಸಿತು, ಮತ್ತು— ಇಲ್ಲ, ಪಶ್ಚಾತ್ತಾಪ ಅಂತ ಹೇಳಲಾರೆ. ಅಸಹ್ಯ ಅನ್ನಿಸಿತು. ಅಷ್ಟೇ.

ಮರುದಿನ ಕೋಣನಕುಂಟೆಗೆ ಹೋದೆ. ಸಾಲು ಮನೆಗಳನ್ನು ಕೆಡವಿ ಅಲ್ಲಿ ದೊಡ್ಡ ಕಟ್ಟಡ ಎಬ್ಬಿಸಿದ್ದರು. ಹೇಮಾ ಬೀಗದ ಕೈ ಗೊಂಚಲು ಹಿಡಿದು ಯಾರಿಗೋ ಮನೆ ತೋರಿಸುತ್ತಿದ್ದಳು. ಅವರು ಹೋದ ಮೇಲೆ ಮೆಟ್ಟಿಲ ಮೇಲೆ ಕೂತು ನಾನು ಎಲ್ಲವನ್ನೂ ಹೇಳಿದೆ.

“ನಾನು ಎಲ್ಲರನ್ನೂ ಕೇಳ್ತಿದ್ದಿದ್ದು ನಿಂಗೆ ಗೊತ್ತಿತ್ತು” ಅಂದಳು ಕೊನೆಗೆ. “ಫೋನ್ ಮಾಡ್ದಾಗ ಪಕ್ಕದಲ್ಲೇ ಇದ್ದೆ.”

“ಹೌದು.”

“ಆವತ್ತು ನಾನ್ಯಾಕೆ ಹೇಳ್ಲಿಲ್ಲ ಗೊತ್ತಾ? ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ.”

ಟ್ರಸ್ಟಿಗೆ ನಿಜ ಬರೆಯುತ್ತೇನೆ, ಆ ಬಹುಮಾನ ನಿನಗೆ ಸಲ್ಲಬೇಕು, ಎಂದೇನೋ ಶುರು ಮಾಡಿದೆ. ಅವಳು ಕೈ ಎತ್ತಿ ತಡೆದಳು.

“ನಂಗೆ ಕೊಡೋಕೆ ಅದು ನಿಂದಾ? ನಿಮ್ಮ ಮೇಲಿನ ಮನೆಯವ್ರಿಗೆ ಹೇಳಿದ್ಯಾ?”

“ಇಲ್ಲ.”

“ಮತ್ತೆ ಮೊದ್ಲು ಇಲ್ಲಿಗ್ಯಾಕೆ ಬಂದೆ?”

ಇದಕ್ಕೆ ಉತ್ತರವನ್ನು ಈಗ ಹೇಳುತ್ತೇನೆ: ಕ್ಷಮಿಸಿದರೆ ಹೇಮಾ ಕ್ಷಮಿಸುತ್ತಾಳೆ ಎಂಬ ಲೆಕ್ಕಾಚಾರದಿಂದ. ಮೇಲಿನಿಂದ ಯಾರೋ ನೀರು ಬರುತ್ತಿಲ್ಲವೆಂದು ಕೂಗಿದರು. ಅವಳು ಎದ್ದು ಹೋದಳು. ಸ್ವಲ್ಪ ಹೊತ್ತು ಕಾದೆ, ಅವಳು ಇಳಿದು ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಟ್ರಸ್ಟಿಗೆ ಬರೆದಿದ್ದೇನೆ. ಕೃತಿ ಅವರ ಅತಿಥಿಗೃಹದ ಪಡಸಾಲೆಯಲ್ಲಿದೆ. ತೆಗೆಯಿರಿ ಎಂದು ಕೇಳಿದ್ದೇನೆ, ಉತ್ತರ ಬಂದಿಲ್ಲ. ಅಮ್ಮನಿಗೂ ಹೇಳಿದೆ. ಎಲ್ಲರ ಮನೆಯಲ್ಲೂ ಇದ್ದದ್ದೇ, ಊರಿಗೆಲ್ಲ ಯಾಕೆ ಹೇಳಿಕೊಂಡು ತಿರುಗುತ್ತೀಯ ಎಂದಳು. ಸುಳ್ಳನ್ನು ಊರಿನ ಮುಂದೆಯೇ ಹೇಳಿದ್ದೆನಲ್ಲ. ನಿಜವನ್ನು ಮೆಟ್ಟಿಲ ಮೇಲೆ ಕೂತು ಗುಟ್ಟಾಗಿ ಹೇಳಿ ಮುಗಿಸಲಾಗದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶೈಲಜಾ ಆಂಟಿ ಈಗ ಅಂಜನಾಪುರದಲ್ಲಿದ್ದಾರೆ. ನಿನ್ನೆ ಫೋನ್ ಮಾಡಿದೆ. ನನ್ನ ದನಿ ಕೇಳಿ ಅವರಿಗಾದ ಸಂತೋಷವನ್ನು ಏನು ಮಾಡಬೇಕೋ ನನಗೆ ತಿಳಿಯಲಿಲ್ಲ. “ಭಾನುವಾರ ಊಟಕ್ಕೇ ಬಂದ್ಬಿಡು ಪುಟ್ಟಿ. ಇವನೂ ಇರ್ತಾನೆ. ಅಕ್ಕ ಹೇಗಿದ್ದಾಳೆ ಅಂತ ಕೇಳ್ತಾನೇ ಇರ್ತಾನೆ.” ಆ ಹುಡುಗ ಈಗ ಕಾಲೇಜಿಗೆ ಹೋಗುತ್ತಾನಂತೆ. ತಾನು ಬರೆದು ಅಳಿಸಿದ ವಾಕ್ಯ ಇಷ್ಟು ವರ್ಷ ಗಾಜಿನ ಹಿಂದೆ, ಬಂದವರೆಲ್ಲ ಓದುವಂತೆ ನೇತಾಡುತ್ತಿದೆ ಎಂಬುದು ಅವನಿಗೆ ಗೊತ್ತಿಲ್ಲ. ಅವನ ಅಪ್ಪನಿಗೂ ಗೊತ್ತಿಲ್ಲ. ಫೋನಿನಲ್ಲೇ ಹೇಳಬೇಕಿತ್ತು— ಬರುತ್ತೇನೆ ಎಂದಷ್ಟೇ ಅಂದೆ.

ನೀವು ಇದನ್ನು ಓದುವ ಹೊತ್ತಿಗೆ ಆ ಭಾನುವಾರ ಕಳೆದಿರುತ್ತದೆ. ಮೊದಲು ಅವನೊಬ್ಬನನ್ನೇ ಹೊರಗೆ ಕರೆದು ಹೇಳಬೇಕು. ಆಮೇಲೆ ಯಾರಿಗೆ ಏನು ತಿಳಿಯಬೇಕು, ಏನು ತಿಳಿಯಬಾರದು ಎಂಬುದು ಅವನು ಹೇಳಿದ ಹಾಗೆ. ಆಂಟಿ ಬಾಗಿಲಲ್ಲೇ ಕೈ ಹಿಡಿದು ಒಳಗೆ ಎಳೆದುಕೊಳ್ಳುತ್ತಾರೆ, ತಟ್ಟೆ ಹಾಕಿ ಕೂರು ಎನ್ನುತ್ತಾರೆ. ಕೂರುವ ಮೊದಲು ಅವನಿಗೆ ಹೇಳಿಬಿಡಬೇಕು. ಅವರ ಮನೆಯ ಅನ್ನ ತಿಂದ ಮೇಲಲ್ಲ.