ಅಕ್ಕನ ಅಡ್ಡಬರಹ

ಕೆಂಡಲ್ ಊರಿನ ಡಾರ್ಕಸ್ ಪತ್ರ ಬರೆಯುವ ರೀತಿಯೇ ಬೇರೆ. ಆ ಕಾಲದಲ್ಲಿ ಅಂಚೆಯ ಖರ್ಚು ಪತ್ರ ಪಡೆದವರದೇ; ಅಂಚೆಯವನಿಗೆ ಹಾಳೆಯ ಲೆಕ್ಕದಲ್ಲಿ ದುಡ್ಡು ತೆರಬೇಕಾದವಳು ಲ್ಯಾಂಕಾಸ್ಟರಿನಲ್ಲಿದ್ದ ತಂಗಿ ಎಸ್ತರ್. ಹಾಗಾಗಿ ಎರಡನೆಯ ಹಾಳೆಯ ಮಾತೇ ಇಲ್ಲ. ಒಂದು ಹಾಳೆ ತುಂಬಿದೊಡನೆ ಅದನ್ನೇ ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದಳು. ಮಗನ ನಾಯಿಕೆಮ್ಮಿನ ಮೇಲೆ ಮಗಳ ಮಂಗನಬಾವು ಹತ್ತಿ ಕೂರುತ್ತಿತ್ತು. ಜಿಗಣೆ ಹಚ್ಚಿಸಿದ್ದು ಅತ್ತೆಗೋ ಪಕ್ಕದ ಮನೆಯ ಕುದುರೆಗೋ ಆ ದೇವರಿಗೇ ಗೊತ್ತು.

"ನಿಮ್ಮಕ್ಕ ಪತ್ರ ಬರೆದಿಲ್ಲ ಕಣೇ, ಬುಟ್ಟಿ ಹೆಣೆದಿದ್ದಾಳೆ," ಎಂದು ಎಸ್ತರಳ ಗಂಡ ಜೋಬ್ ಪ್ರತಿ ಸಲವೂ ಗೇಲಿ ಮಾಡುತ್ತಿದ್ದ.

ಕುದುರೆ ಜೀನು ಹೊಲಿಯುತ್ತಿದ್ದ ಗಂಡ ತೀರಿಕೊಂಡ ಮೇಲೆ ಅತ್ತೆಯನ್ನೂ ಮಕ್ಕಳನ್ನೂ ಒಬ್ಬಳೇ ಸಾಕಿದವಳು ಡಾರ್ಕಸ್. ಊರಿನವರ ಕಾಯಿಲೆಯೆಲ್ಲ ಅವಳ ಪತ್ರದಲ್ಲಿ ಇರುತ್ತಿತ್ತು, ತನ್ನದೊಂದನ್ನು ಬಿಟ್ಟು. ಹುಷಾರು ತಪ್ಪಲು ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು!

ಆ ಚಳಿಗಾಲದಲ್ಲಿ ಒಂದು ಪತ್ರ ಬಂತು. ಜೋಬ್ ಬಿಡಿಸಿ ನೋಡಿ ಕುಣಿದಾಡಿಬಿಟ್ಟ.

"ಅಬ್ಬ! ಈ ಸಲ ಓದೋಕಾಗತ್ತೆ ಕಣೇ. ನಾಲ್ಕೇ ಸಾಲು. ಎಲ್ಲರೂ ಕ್ಷೇಮವಂತೆ, ನೀನು ಬರೋದು ಬೇಡವಂತೆ."

ಎಸ್ತರ್ ಹಾಳೆ ಕಿತ್ತುಕೊಂಡಳು. ಕೆಳಗೆಲ್ಲ ಖಾಲಿ.

"ನನ್ನ ಚೀಲ ಎಲ್ರೀ?"

"ಕ್ಷೇಮ ಅಂತ ಬರೆದಿದ್ದಾಳಲ್ಲೇ!"

"ಕ್ಷೇಮವಾಗಿದ್ರೆ ಇಷ್ಟು ಜಾಗ ಖಾಲಿ ಬಿಡ್ತಿದ್ಲಾ ನಮ್ಮಕ್ಕ? ಇದಕ್ಕೂ ನಾವು ಕಾಸು ಕೊಡ್ತೀವಿ ಅಂತ ಅವಳಿಗೆ ಗೊತ್ತಿಲ್ವಾ?"

ಬೆಳಿಗ್ಗೆ ಹೊರಟ ಮೊದಲ ಗಾಡಿಯಲ್ಲೇ ಎಸ್ತರ್ ಇದ್ದಳು. ಅಲ್ಲಿ ಹೋಗಿ ನೋಡಿದರೆ ಡಾರ್ಕಸ್ ಹಾಸಿಗೆ ಹಿಡಿದಿದ್ದಳು. ಮೈ ಕೆಂಡ, ಉಸಿರೆಳೆದರೆ ಎದೆಯಲ್ಲಿ ಗೊರಗೊರ ಸದ್ದು. ಲೇಖನಿ ಹಿಡಿಯಲೂ ಕೈಯಲ್ಲಿ ಕಸುವಿರಲಿಲ್ಲ.

"ನಿಂಗ್ಯಾರೇ ಹೇಳಿದ್ದು?"

"ನೀನೇ ಬರೆದೆಯಲ್ಲ."

"ನಾನೇನೂ ಬರೀಲಿಲ್ಲ."

"ಅದೇ ಮತ್ತೆ, ಏನೂ ಬರೀಲಿಲ್ವಲ್ಲ!"

ಎದೆಗೆ ಸಾಸಿವೆ ಪಟ್ಟು ಹಾಕಿ, ಬಾರ್ಲಿ ಗಂಜಿ ಕುಡಿಸಿ, ಎಸ್ತರ್ ಪಕ್ಕದಿಂದ ಏಳಲಿಲ್ಲ. ಡಾಕ್ಟರು ಬಂದರು, ತಲೆಯಾಡಿಸಿದರು, ಹೋದರು. ಡಾರ್ಕಸ್ ಮಾತು ನಿಲ್ಲಿಸಿದಳು. ಮಕ್ಕಳು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಇನ್ನು ಅಕ್ಕ ಉಳಿಯುವುದಿಲ್ಲವೆಂದು ಎಸ್ತರಳಿಗೂ ಅನಿಸಿಬಿಟ್ಟಿತು.

ಅಂಥದ್ದರಲ್ಲಿ ಒಂದು ಮಧ್ಯಾಹ್ನ ಅವಳು ಚಹಾ ಸೋಸಿ, ಚರಟ ಚೆಲ್ಲಲು ಹೊರಟಾಗ ಹಾಸಿಗೆಯಿಂದ ದನಿ ಕೇಳಿತು.

"ಚೆಲ್ಲಬೇಡ ಕಣೇ. ಇನ್ನೊಂದು ಸಲ ಕುದಿಸಬಹುದು."

ಎಸ್ತರ್ ಚಹಾ ಪಾತ್ರೆ ಹಿಡಿದುಕೊಂಡೇ ಗೊಳೋ ಎಂದು ಅತ್ತಳು.

ತಂಗಿ ಊರಿಗೆ ಮರಳಿದ ಸ್ವಲ್ಪ ದಿನಕ್ಕೆ ಅಕ್ಕನ ಪತ್ರ ಬಂತು. ನೆಟ್ಟಗೆ ಬರೆದು, ಅಡ್ಡ ಬರೆದು, ಸಾಲದೆಂದು ಮೂಲೆಯಿಂದ ಮೂಲೆಗೆ ಓರೆಯಾಗಿಯೂ ಬರೆದಿದ್ದಳು. ಜೋಬ್ ಹಾಳೆಯನ್ನು ತಲೆಕೆಳಗು ಮಾಡಿಯೂ ನೋಡಿ ಸೋತ.

"ಏನಂತೇ?"

"ಒಂದಕ್ಷರಾನೂ ಗೊತ್ತಾಗ್ತಿಲ್ಲರೀ," ಎಂದಳು ಎಸ್ತರ್, ನಗುತ್ತ ಕಣ್ಣೊರೆಸಿಕೊಂಡು. "ಪೂರ್ತಿ ಹುಷಾರಾಗಿದ್ದಾಳೆ."