ಮುಂದೆ ಓಡುವವರ ಬೆಲ್ಲ

ಬೆಲ್ಲ ಕಂಡಲ್ಲಿ ಕೈ ಸುಮ್ಮನಿರದಿರುವುದು ನನ್ನ ಸ್ವಭಾವದೋಷವೋ, ಕಬ್ಬಿನ ಗದ್ದೆಗಳ ನಡುವೆ ಹುಟ್ಟಿದ ಮಂಡ್ಯದವರೆಲ್ಲರ ಸಾಮೂಹಿಕ ಲಕ್ಷಣವೋ, ಇನ್ನೂ ತೀರ್ಮಾನವಾಗಿಲ್ಲ. ಹೆಂಡತಿ ಡಬ್ಬಿಯನ್ನು ಅಟ್ಟಕ್ಕೇರಿಸಿದರೆ ನಾನು ಸ್ಟೂಲು ಹುಡುಕುತ್ತೇನೆ. ನಗಬೇಡಿ, ಈ ಚಾಪಲ್ಯದಿಂದ ಹುಡುಗಿಯೊಬ್ಬಳ ಮೂರು ವರ್ಷದ ಶ್ರಮ ಮಣ್ಣುಪಾಲಾಗುವುದರಲ್ಲಿತ್ತು.

ಕಾಲೇಜಿನಲ್ಲಿ ಹಳಗನ್ನಡ ಪಾಠ ಮಾಡುವ, ಬಸ್ಸು ಹಿಡಿಯಲೂ ಓಡದ ನನ್ನನ್ನು, ವಿಶ್ವವಿದ್ಯಾಲಯದ ತಂಡದ ಆಯ್ಕೆ ಓಟಕ್ಕೆ ಸುತ್ತು ಎಣಿಸಲು ನೇಮಿಸಿದ್ದರು. ಹೆಣ್ಣುಮಕ್ಕಳ ಹತ್ತು ಸಾವಿರ ಮೀಟರು ಎಂದರೆ ಮೈದಾನಕ್ಕೆ ಇಪ್ಪತ್ತೈದು ಸುತ್ತು. ಒಬ್ಬೊಬ್ಬ ಓಟಗಾರ್ತಿಗೆ ಒಬ್ಬೊಬ್ಬ ಮೇಷ್ಟ್ರು, ಸುತ್ತಿಗೊಂದು ಗೀಟು. ನನ್ನ ಪಾಲಿಗೆ ಬಂದವಳು ಹಲಗೂರಿನ ಭಾಗ್ಯ. ಗೆದ್ದವಳಿಗೆ ಮಾತ್ರ ತಂಡದಲ್ಲಿ ಜಾಗ, ಅವಳಿಗೆ ಇದು ಕೊನೆಯ ವರ್ಷ.

ಡಿಸೆಂಬರಿನ ಬೆಳಗು, ಎದುರಿನವರ ಮುಖ ಕಾಣದಷ್ಟು ಮಂಜು. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಜವರಯ್ಯ, ಉದ್ದದ ಓಟಕ್ಕೆ ಮುನ್ನ ಎಂದಿನಂತೆ ಒಳಗೆರೆಯ ಮೇಲೆ ಒಂದು ಅಚ್ಚು ಬೆಲ್ಲವಿಟ್ಟ. ಯಾರಿಗೆ ಎಂದರೆ, "ಮುಂದ್ ಓಡೋರ್ಗೆ ಕಣಿ ಸಾ, ಮುಟ್ಬ್ಯಾಡಿ" ಎಂದ. ಮುಂದೆ ಓಡುವವರು ಇರುವೆಗಳೇ ಇರಬೇಕೆಂದು ಮನಸ್ಸಿನಲ್ಲೇ ಹಾಸ್ಯ ಮಾಡಿಕೊಂಡು, ಕಾಫಿಯಿಲ್ಲದೆ ಬಂದಿದ್ದ ನಾನು ಅವನು ಅತ್ತ ತಿರುಗಿದ್ದೇ ತಡ ಅದನ್ನು ಬಾಯಿಗೆ ಹಾಕಿಕೊಂಡೆ.

ಓಟ ಶುರುವಾಯಿತು. ಭಾಗ್ಯ ಮೊದಲಿನಿಂದಲೂ ಎಲ್ಲರಿಗಿಂತ ಮುಂದೆ. ಅವಳ ಮುಷ್ಟಿಯಲ್ಲಿ ಇಪ್ಪತ್ತೈದು ಹುರುಳಿಕಾಳು. ಗೆರೆ ದಾಟಿದಾಗಲೆಲ್ಲ ಒಂದನ್ನು ಬೀಳಿಸುತ್ತಿದ್ದಳು. ಹತ್ತನೆಯ ಸುತ್ತಿಗೆ ಮಂಜು ಇನ್ನೂ ದಟ್ಟವಾಯಿತು. ಒಳಗೆರೆಯ ಮೇಲೆ ಹೆಜ್ಜೆ ಸಪ್ಪಳ ನನ್ನನ್ನು ಸವರಿಕೊಂಡಂತೆ ಹಾದುಹೋಯಿತು, ತಣ್ಣನೆಯ ಗಾಳಿ ಮುಖಕ್ಕೆ ತಗುಲಿತು. ಎದೆಯ ಮೇಲಿನ ಸಂಖ್ಯೆಯಿರಲಿ, ಎದೆಯೇ ಕಾಣಲಿಲ್ಲ. ಮುಂದಿರುವವಳು ಭಾಗ್ಯ ತಾನೆ ಎಂದು ಗೀಟೆಳೆದೆ. ಅದರ ಬೆನ್ನಿಗೇ ಭಾಗ್ಯ ಬಂದಳು, ಕಾಳು ಬೀಳಿಸಿದಳು. ಕೈ ತನ್ನಷ್ಟಕ್ಕೆ ಇನ್ನೊಂದು ಗೀಟೆಳೆಯಿತು. ಬಾಯಲ್ಲಿದ್ದ ಬೆಲ್ಲದ ರುಚಿ ಆಗ ಯಾಕೋ ಸುಣ್ಣದಂತಾಯಿತು. ಹೆದರಿದೆ, ಆದರೆ ಗೀಟು ಅಳಿಸಲಿಲ್ಲ. ಮೇಷ್ಟ್ರ ಲೆಕ್ಕ ತಪ್ಪುತ್ತದೆಂದು ಒಪ್ಪಿಕೊಳ್ಳುವುದು ದೆವ್ವವನ್ನು ಒಪ್ಪಿಕೊಳ್ಳುವುದಕ್ಕಿಂತ ಕಷ್ಟ.

ನನ್ನ ಹಾಳೆಯಲ್ಲಿ ಇಪ್ಪತ್ತೈದು ತುಂಬಿದಾಗ ಕೈ ಎತ್ತಿದೆ. ಚಪ್ಪಾಳೆ ಬಿತ್ತು, ಭಾಗ್ಯ ನಿಂತಳು, ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಒಂದು ಕಾಳು ಉಳಿದಿತ್ತು.

"ಸಾ, ಇನ್ನೊಂದ್ ಸುತ್ತು ಐತೆ. ನೀವು ಎಣ್ಸಿದ್ದು ನನ್ನೊಬ್ಳನ್ನೇ ಅಲ್ಲ. ನನ್ ಮುಂದೆ ಒಬ್ರು ಓಡ್ತಾನೇ ಅವ್ರೆ."

ಅಷ್ಟರಲ್ಲಿ ಎರಡನೆಯವಳು ಅವಳನ್ನು ದಾಟಿ ಮಂಜಿನೊಳಗೆ ಹೋಗಿಯಾಗಿತ್ತು. "ತಪ್ಪು ನಂದಮ್ಮ, ಓಡು!" ಎಂದು ಎಲ್ಲರೆದುರು ಕೂಗಿದೆ. ಜೀವನದಲ್ಲಿ ಅಷ್ಟು ಜೋರಾಗಿ ತಪ್ಪೊಪ್ಪಿಕೊಂಡದ್ದು ಅದೇ ಮೊದಲು. ಅವಳು ಓಡಿದಳು. ಜವರಯ್ಯ ಬರಿದಾದ ಒಳಗೆರೆಯನ್ನೂ ನನ್ನ ಬಾಯಿಯನ್ನೂ ನೋಡಿದ. ಜೇಬಿನಿಂದ ಇನ್ನೊಂದು ಅಚ್ಚು ತೆಗೆದು ಅದೇ ಜಾಗದಲ್ಲಿಟ್ಟ. ಇವರಿಬ್ಬರನ್ನು ಬಿಟ್ಟು ಉಳಿದವರೆಲ್ಲ ಬಹಳ ಹಿಂದಿದ್ದರೂ ಮೈದಾನದ ಆಚೆ ತುದಿಯಿಂದ ಮೂರು ಜೊತೆ ಹೆಜ್ಜೆಗಳ ಸದ್ದು ಕೇಳುತ್ತಿತ್ತು. ಆಮೇಲೆ ಎರಡೇ ಕೇಳಿದವು.

ಮಂಜಿನಿಂದ ಮೊದಲು ಹೊರಬಂದವಳು ಭಾಗ್ಯ. ಗೆರೆ ದಾಟಿ ಕೊನೆಯ ಕಾಳು ಬೀಳಿಸಿ, ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತ, "ಕೊನೇಗ್ ದಾರಿ ಬುಟ್ರು ಸಾ" ಎಂದಳು. ಬೆಲ್ಲವಿಟ್ಟ ಜಾಗವನ್ನು ನೋಡುವ ಧೈರ್ಯ ನನಗಿರಲಿಲ್ಲ.

ಬೆಲ್ಲ ಕಂಡಲ್ಲಿ ಈಗಲೂ ಕೈ ಸುಮ್ಮನಿರುವುದಿಲ್ಲ. ಆದರೆ ಬಾಯಿಗೆ ಹಾಕಿಕೊಳ್ಳುವ ಮುನ್ನ "ಇದು ಯಾರದು?" ಎಂದು ಮೆಲ್ಲಗೆ ಕೇಳುತ್ತೇನೆ. ಹೆಂಡತಿ ನಗುತ್ತಾಳೆ. ಸಾಮಾನ್ಯವಾಗಿ ಉತ್ತರ ಬರುವುದಿಲ್ಲ. ಇದುವರೆಗೆ ಒಮ್ಮೆ ಮಾತ್ರ ಕೈ ಹಿಂದಕ್ಕೆ ತೆಗೆದಿದ್ದೇನೆ.